ಭೇದಿಗೆ ಈ ಸಿರಪ್ ಬೇಡ

ಪುಟ್ಟ ಮಗುವಿಗೆ ದಿನಕ್ಕೆ ನಾಲ್ಕು ಸಲ ನೀರುಭೇದಿಯಾದರೆ ಸಾಕು, ಆಫ್ಲಾಕ್ಸಸಿನ್ ಮತ್ತು ಆರ್ನಿಡಜೋಲ್ ಬೆರೆಸಿದ ಸಿಹಿ ಸಿರಪ್ ಮೆಡಿಕಲ್ ಶಾಪಿನಿಂದ ಮನೆಗೆ ಬಂದುಬಿಡುತ್ತದೆ. ಎಷ್ಟೋ ಸಲ ವೈದ್ಯರ ಚೀಟಿಯೇ ಇರುವುದಿಲ್ಲ. ಇದ್ದರೂ ಅದು ಹೋದ ವರ್ಷ ಅಣ್ಣನಿಗೆ ಬರೆದುಕೊಟ್ಟದ್ದಾಗಿರುತ್ತದೆ. ಈ ವ್ಯಾಪಾರ ನಿಲ್ಲಬೇಕು.

ಆಫ್ಲಾಕ್ಸಸಿನ್ ಫ್ಲೋರೋಕ್ವಿನೊಲೋನ್ ಗುಂಪಿನ ಆ್ಯಂಟಿಬಯಾಟಿಕ್. ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಇದರ ದಾಯಾದಿಗಳು. ಈ ವಂಶದ ಹಳೆಯ ಔಷಧಗಳನ್ನು ನಾಯಿಮರಿಗಳಿಗೆ ಕೊಟ್ಟಾಗ, ಮೈಭಾರ ಹೊರುವ ಕೀಲುಗಳ ಮೃದ್ವಸ್ಥಿ ಸವೆದದ್ದು 1970ರ ದಶಕದಲ್ಲೇ ಕಂಡುಬಂದಿತ್ತು. ಬೆಳೆಯುವ ಮಕ್ಕಳಿಗೆ ಇವನ್ನು ಕೊಡಲು ವೈದ್ಯಲೋಕ ಹಿಂಜರಿದದ್ದು ಅಂದಿನಿಂದ.

ಇವುಗಳಿಂದ ಮಕ್ಕಳು ಶಾಶ್ವತವಾಗಿ ಕುಂಟರಾಗುತ್ತಾರೆ ಎನ್ನುವುದು ಸುಳ್ಳು. ಆ ಮಾತನ್ನು ನಾವು ಆಡುವುದಿಲ್ಲ. ಮೂತ್ರಕೋಶ, ಮೂತ್ರಪಿಂಡಗಳ ಸೋಂಕಿದ್ದ 1ರಿಂದ 17 ವರ್ಷದವರ ಮೇಲೆ ನಡೆದ ಪ್ರಯೋಗವೊಂದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪರಿಶೀಲಿಸಿತ್ತು. ಆರು ವಾರದೊಳಗೆ ಕೀಲು, ಸ್ನಾಯುಗಳ ತೊಂದರೆ ಕಂಡದ್ದು ಸಿಪ್ರೊಫ್ಲಾಕ್ಸಸಿನ್ ಪಡೆದವರಲ್ಲಿ ಶೇ 9.3, ಬೇರೆ ಔಷಧ ಪಡೆದವರಲ್ಲಿ ಶೇ 6. ಬಹುತೇಕ ನೋವುಗಳು ಸೌಮ್ಯವಾಗಿದ್ದು ವಾಸಿಯಾದವು. ಲಿವೊಫ್ಲಾಕ್ಸಸಿನ್ ಪಡೆದ ಮಕ್ಕಳನ್ನು ಐದು ವರ್ಷ ಗಮನಿಸಿದಾಗಲೂ ಉಳಿದವರಿಗಿಂತ ಹೆಚ್ಚಿನ ಊನ ಕಾಣಲಿಲ್ಲ. ಔಷಧಕ್ಕೆ ಬಗ್ಗದ ಕ್ಷಯ ತಗುಲಿದ ಮಗುವಿಗೆ ಲಿವೊಫ್ಲಾಕ್ಸಸಿನ್ ಬೇಕೇ ಬೇಕು. ಅಲ್ಲಿ ಮಂಡಿನೋವಿಗೆ ಹೆದರಿ ಕೈಕಟ್ಟಿ ಕೂರುವುದು ಮೂರ್ಖತನ. ರಕ್ತಭೇದಿಗೆ ಸಿಪ್ರೊಫ್ಲಾಕ್ಸಸಿನ್ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಆದರೆ ಸಾದಾ ನೀರುಭೇದಿಯ ಲೆಕ್ಕವೇ ಬೇರೆ. ಎಳೆಯ ಮಕ್ಕಳಲ್ಲಿ ಅದು ಬಹುಪಾಲು ವೈರಸ್‌ನಿಂದ ಬರುತ್ತದೆ, ರೋಟಾವೈರಸ್ ಅದರಲ್ಲಿ ಕುಖ್ಯಾತ. ವೈರಸ್ ಆ್ಯಂಟಿಬಯಾಟಿಕ್‌ಗೆ ಸೊಪ್ಪು ಹಾಕುವುದಿಲ್ಲ. ಒಆರ್‌ಎಸ್ ಕುಡಿಸಿ, 10ರಿಂದ 14 ದಿನ ಝಿಂಕ್ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲೇ ಒಟ್ಟಾಗಿ ಹೇಳಿವೆ. ಒಆರ್‌ಎಸ್ ಪೊಟ್ಟಣ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಪುಕ್ಕಟೆ ಸಿಗುತ್ತದೆ. ಝಿಂಕ್ ಜೊತೆಗೇ ಕುಡಿಸಿದರೆ ಆಫ್ಲಾಕ್ಸಸಿನ್ ಮೈಗೆ ಸರಿಯಾಗಿ ಹತ್ತುವುದೂ ಇಲ್ಲ! ಲಾಭವೇ ಇಲ್ಲದ ಕಡೆ ನೂರಕ್ಕೆ ಮೂರರಷ್ಟು ಹೆಚ್ಚುವರಿ ಅಪಾಯವೂ ಅಕ್ಷಮ್ಯ. ಎರಡು ವರ್ಷದ ಮಗು ಮಂಡಿ ನೋಯುತ್ತಿದೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಎತ್ತಿಕೋ ಎಂದು ರಚ್ಚೆ ಹಿಡಿಯುತ್ತದೆ, ನಾವು ಹಠ ಎಂದು ಗದರುತ್ತೇವೆ.

ಈ ಗುಂಪಿನ ಔಷಧಗಳನ್ನು ಬೇಕಾಬಿಟ್ಟಿ ಬಳಸಿ ಇನ್ನೊಂದು ನಷ್ಟವೂ ಆಗಿಹೋಗಿದೆ. ವಿಷಮಶೀತ ಜ್ವರಕ್ಕೆ ಒಂದು ಕಾಲದಲ್ಲಿ ಸಿಪ್ರೊಫ್ಲಾಕ್ಸಸಿನ್ ರಾಮಬಾಣವಾಗಿತ್ತು. ಇಂದು ದೇಶದಲ್ಲಿ ಆ ರೋಗಾಣು ಅದಕ್ಕೆ ಬಗ್ಗುವುದು ಅಪರೂಪ.

ಕಾನೂನು ಇಲ್ಲವೆನ್ನುವಂತಿಲ್ಲ. ಆಫ್ಲಾಕ್ಸಸಿನ್ ಶೆಡ್ಯೂಲ್ ಎಚ್ ಔಷಧ, ಚೀಟಿ ಇಲ್ಲದೆ ಮಾರುವುದು ಅಪರಾಧ. 2014ರಲ್ಲಿ ಜಾರಿಗೆ ಬಂದ ಎಚ್1 ಪಟ್ಟಿಯ ಔಷಧಗಳಿಗೆ ಅಂಗಡಿಯವರು ರೋಗಿಯ, ವೈದ್ಯರ ಹೆಸರನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಆ ಪಟ್ಟಿಗೆ ಲಿವೊಫ್ಲಾಕ್ಸಸಿನ್ ಸೇರಿತು, ಮಕ್ಕಳ ಬಾಯಿಗೆ ಹೆಚ್ಚಾಗಿ ಬೀಳುವ ಆಫ್ಲಾಕ್ಸಸಿನ್ ಹೊರಗುಳಿಯಿತು. ಯಾರ ಅನುಕೂಲಕ್ಕೆ? ನೆರೆಯ ಕೇರಳ 2024ರಲ್ಲಿ ‘ಆಪರೇಷನ್ ಅಮೃತ್’ ಹೆಸರಿನಲ್ಲಿ ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಮಾರುವ ಅಂಗಡಿಗಳ ಬೆನ್ನುಹತ್ತಿತು. ನಮ್ಮ ಔಷಧ ನಿಯಂತ್ರಣ ಇಲಾಖೆಯೂ ಕೌಂಟರ್‌ಗಳಿಗೆ ಹೋಗಿ ನಿಲ್ಲಲಿ.

ವೈದ್ಯರು ಮಗುವಿಗೆ ಈ ಗುಂಪಿನ ಔಷಧ ಬರೆದಾಗಲೆಲ್ಲ ಕಾರಣವನ್ನೂ ಚೀಟಿಯಲ್ಲಿ ಬರೆಯಬೇಕು. ‘ತಾಯಂದಿರೇ ಕೇಳುತ್ತಾರೆ’ ಎಂಬುದು ಕಾರಣವಲ್ಲ. ಕೇಂದ್ರ ಸರ್ಕಾರ ಆಫ್ಲಾಕ್ಸಸಿನ್ನನ್ನು ಎಚ್1ಗೆ ಸೇರಿಸಬೇಕು. ಮಕ್ಕಳಿಗಾಗಿ ಬೆರೆಸಿ ಮಾರುವ ಈ ಸಿರಪ್ಪನ್ನು ಮಾರುಕಟ್ಟೆಯಿಂದ ತೆಗೆಯಬೇಕು. ಹನ್ನೆರಡು ವರ್ಷದೊಳಗಿನವರಿಗೆ ನಿಮೆಸುಲೈಡ್ ಕೊಡುವುದನ್ನು ಇದೇ ಸರ್ಕಾರಿ ವ್ಯವಸ್ಥೆ 2011ರಲ್ಲಿ ನಿಷೇಧಿಸಿತ್ತು. ಅಂಥದೇ ಆದೇಶ ಇದಕ್ಕೂ ಬೇಕು.