ನೀವು ಯಾರೂ ‘ನಾರ್ಮಲ್ ಲಾಸ್’ ಅಲ್ಲ

(1/7)
ಆಟೋದ ಹಿಂದ, ಗ್ವಾಡಿ ಮ್ಯಾಲ, ಯಾರದೋ ಸ್ಟೇಟಸ್‌ನಾಗ "ದೇವರು ನಿನ್ನನ್ನು ಪ್ರೀತಿಸುತ್ತಾನೆ" ಅಂತ ನೀವೂ ಓದಿರ್ತೀರಿ. ಆ ಮಾತು ಎಷ್ಟು ಸಲ ಕಣ್ಣಿಗೆ ಬಿದ್ದದ ಅಂದ್ರ, ಈಗ ಅದು ಕಾಣಿಸೋದೇ ಇಲ್ಲ. ಗುಡ್ ಮಾರ್ನಿಂಗ್ ಮೆಸೇಜ್ ಹಂಗ ದಾಟಿಸಿ ಮುಂದ ಹೋಗ್ತೀವಿ.

ನನ್ನ ಅಭಿಪ್ರಾಯ ಬ್ಯಾರೆ ಅದ. ಬೈಬಲ್ಲಿನ ಈ ನಡುಗಂಬದಂಥ ಮಾತು ಬರೀ ಸಿಹಿ ಮಾತಲ್ಲ, ಅದು ಲೆಕ್ಕದ ಮಾತು. ಬಿಕಾಂ ಓದೋ ನಮಗ ಅದು ಉಳಿದವರಿಗಿಂತ ಬೇಗ ತಿಳೀಬೇಕು.

ಮೊದಲೇ ಹೇಳಿಬಿಡ್ತೀನಿ: ಯಾರನ್ನೂ ನಮ್ಮ ಕಡೆ ಎಳ್ಕೊಳ್ಳೋಕೆ ಇದನ್ನ ಬರೀತಿಲ್ಲ. ನಾ ಭಾನುವಾರ ಚರ್ಚಿಗೆ ಹೋಗಾಕಿ. ನನ್ನ ಬೆಂಚಿನಾಗ ಒಬ್ಬಾಕಿ ಅಪ್ಪನ ಗುಡಿಗೆ ಹೋಗ್ತಾಳ, ಇನ್ನೊಬ್ಬಾಕಿ ಬಂದೇ ನವಾಜ್ ದರ್ಗಾಕ್ಕ ಹೋಗ್ತಾಳ. ಮೂವರೂ ಒಂದೇ ಡಬ್ಬಿಯಾಗಿನ ರೊಟ್ಟಿ ತಿಂತೀವಿ.

(2/7)
ಕಾಸ್ಟ್ ಅಕೌಂಟಿಂಗ್‌ನಾಗ ‘ನಾರ್ಮಲ್ ಲಾಸ್’ ಅಂತ ಒಂದು ಪಾಠ ಅದಲ್ಲ? 100 ಕೆಜಿ ಮಾಲು ಹಾಕಿದ್ರ 5 ಕೆಜಿ ಹೋಗೇ ಹೋಗ್ತದ ಅಂತ ಮೊದಲೇ ಲೆಕ್ಕ ಹಿಡೀತೀವಿ. ಆ 5 ಕೆಜಿ ಬಗ್ಗೆ ಯಾರೂ ತಲಿ ಕೆಡಿಸ್ಕೊಳ್ಳಲ್ಲ. ಅದರ ಖರ್ಚನ್ನ ಉಳಿದ 95 ಕೆಜಿ ಮ್ಯಾಲ ಹಂಚಿ ಮುಂದ ಹೋಗ್ತೀವಿ.

ನಮ್ಮ ಕಮಲಾಪುರದ ಕೆಂಪು ಬಾಳೆಗೆ ಜಿಐ ಟ್ಯಾಗ್ ಅದ, ಒಳ್ಳೆ ರೇಟೂ ಅದ. ಆದ್ರೂ ಗಾಡಿಗೆ ಹೇರುವಾಗ ಕಪ್ಪಾದದ್ದು, ಒಡೆದದ್ದು ಬಾಜುಕ್ಕ ಹೋಗ್ತದ. ವ್ಯಾಪಾರ ಅಂದ್ರ ಹಂಗೇ. ಅದು ತಪ್ಪಲ್ಲ.

ತಪ್ಪು ಯಾವಾಗ ಆಗ್ತದ ಅಂದ್ರ, ಇದೇ ಲೆಕ್ಕ ಮನುಷ್ಯರಿಗೆ ಹಾಕಿದಾಗ. ಫಸ್ಟ್ ಸೆಮ್‌ನಾಗ ಕ್ಲಾಸ್ ತುಂಬಿರ್ತದ. ಐದನೇ ಸೆಮ್ ಬರೋದ್ರಾಗ ಕೆಲವು ಮುಖ ಕಾಣಂಗಿಲ್ಲ. ಒಬ್ಬಂದು ಬ್ಯಾಕ್‌ಲಾಗ್ ಗುಡ್ಡೆ ಆಯ್ತು, ಒಬ್ಬಾಕಿ ಲಗ್ನ ಆಯ್ತು, ಒಬ್ಬ ಬೆಂಗಳೂರಿಗೆ ಕೆಲಸಕ್ಕ ಹೋದ. ನಾವು ಏನಂತೀವಿ? "ಇಷ್ಟು ಜನ ಬಿಡೋದು ಇದ್ದದ್ದೇ." ನಾರ್ಮಲ್ ಲಾಸ್!

(3/7)
ಲೂಕನ ಸುವಾರ್ತೆ 15ನೇ ಅಧ್ಯಾಯ ಓದಿ ನೋಡ್ರಿ. ಹತ್ತೇ ನಿಮಿಷದ ಕೆಲಸ. ಯೇಸು ಸುಂಕದವರ ಜೊತಿ, ಊರು ದೂರ ಇಟ್ಟವರ ಜೊತಿ ಕೂತು ಊಟ ಮಾಡ್ತಾನ ಅಂತ ದೊಡ್ಡವರು ಗೊಣಗ್ತಾರ. ಅದಕ್ಕ ಉತ್ತರವಾಗಿ ಅವ ಮೂರು ಕಥಿ ಹೇಳ್ತಾನ.

100 ಕುರಿಯಾಗ 1 ಕಳೀತದ. 10 ಬೆಳ್ಳಿ ನಾಣ್ಯದಾಗ 1 ಕಳೀತದ. 2 ಗಂಡುಮಕ್ಕಳಾಗ 1 ಮಗ ಮನಿ ಬಿಟ್ಟು ಹೋಗ್ತಾನ. ಶೇಕಡಾ 1, ಶೇಕಡಾ 10, ಶೇಕಡಾ 50.

ಮೊದಲನೇದು ಯಾವ ಲೆಕ್ಕದಾಗೂ ‘ನಾರ್ಮಲ್’. 99 ಅವಲ್ಲ, ಸಾಕು ಅನ್ನಬೇಕು. ಆದ್ರ ಕುರುಬ ಹಂಗ ಅನ್ನಂಗಿಲ್ಲ, ಒಂದಕ್ಕಾಗಿ ಹುಡುಕ್ಕೊಂಡು ಹೋಗ್ತಾನ. ಮೂರನೇ ಕಥಿಯೊಳಗ, ಆಸ್ತಿ ಹಾಳು ಮಾಡಿ ಬಂದ ಮಗನ್ನ ದೂರದಿಂದಲೇ ಕಂಡು ಅಪ್ಪ ಓಡಿಹೋಗ್ತಾನ. ಆ ಕಾಲದ ಹಿರಿಯರು ಹಂಗ ಓಡೋರಲ್ಲ. ನಮ್ಮ ಊರ ಗೌಡರು ಧೋತರ ಎತ್ತಿ ಹಿಡ್ಕೊಂಡು ಎಲ್ಲಾರ ಮುಂದ ಓಡಿದ್ರ ಹ್ಯಾಂಗಿರ್ತದ, ಹಂಗ.

ಮಗ ಕ್ಷಮಾ ಕೇಳೋ ಮಾತು ಬಾಯಿಪಾಠ ಮಾಡ್ಕೊಂಡು ಬಂದಿರ್ತಾನ. ಅದು ಪೂರಾ ಮುಗಿಯೋದ್ರಾಗ ಅಪ್ಪ ಅವಗ ಹೊಸ ಅಂಗಿ ತರಿಸ್ತಾನ. ದೇವರ ಪ್ರೀತಿ ಅಂದ್ರ ಇದು ಅಂತ ಬೈಬಲ್ ಹೇಳ್ತದ. ಅರ್ಹತೆಯ ಮಾತು ಬರೋದ್ರೊಳಗ ಪ್ರೀತಿ ಬಂದು ಮುಟ್ಟಿರ್ತದ.

(4/7)
ಈಗ ನಿಜವಾದ ಲೆಕ್ಕಕ್ಕ ಬರೋಣು. ಮತ್ತಾಯ 18ರಾಗ ಒಬ್ಬ ಸೇವಕ ಅರಸಗ 10,000 ತಲಾಂತು ಬಾಕಿ ಇರ್ತಾನ. ಒಂದು ತಲಾಂತು ಅಂದ್ರ ಸುಮಾರು 6,000 ದಿನದ ಕೂಲಿ. ಕ್ಯಾಲ್ಕುಲೇಟರ್ ತಗೀರಿ: 6 ಕೋಟಿ ದಿನದ ಕೂಲಿ ಆಯ್ತು. ಒಂದಿನಾನೂ ರಜಾ ಇಲ್ದೆ ದುಡಿದು, ಒಂದು ರೂಪಾಯಿನೂ ತಿನ್ನದೆ ಇಟ್ರೂ 1 ಲಕ್ಷ 64 ಸಾವಿರ ವರ್ಷ ಬೇಕು. ಅಂದ್ರ ತೀರಿಸೋ ಮಾತೇ ಇಲ್ಲ. ಅರಸ ಪೂರಾ ಬಿಟ್ಟುಬಿಡ್ತಾನ.

ಅದೇ ಸೇವಕ ಹೊರಗ ಬಂದು, ತನಗ 100 ದಿನದ ಕೂಲಿ ಕೊಡಬೇಕಾದ ಗೆಳೆಯನ ಕುತ್ತಿಗಿ ಹಿಡೀತಾನ. ಆ ಸುದ್ದಿ ಕೇಳಿ ಅರಸ ಸಿಟ್ಟಿಗೇಳ್ತಾನ, ಆ ಸೇವಕಗ ಶಿಕ್ಷಾ ಆಗ್ತದ. ದೇವರು ಪ್ರೀತಿಸ್ತಾನ ಅಂದ್ರ ಏನ್ ಬೇಕಾದ್ರೂ ಮಾಡಬಹುದಾ ಅಂತ ಕೇಳೋರಿಗೆ ಉತ್ತರ ಇಲ್ಲೇ ಅದ. ಪಡೆದ ಪ್ರೀತಿ ನಮ್ಮ ಹಂತ್ಯಾಕ ನಿಂತುಬಿಟ್ರ ಕೆಡ್ತದ, ಮುಂದ ಹರಿದುಹೋಗಬೇಕು.

(5/7)
ಇನ್ನೊಂದು ಪ್ರಶ್ನೆ. ಬಾಕಿ ಬಿಟ್ರ ಆ ರೊಕ್ಕ ಎಲ್ಲಿ ಹೋಯ್ತು? ಬ್ಯಾಡ್ ಡೆಟ್ ರೈಟ್ ಆಫ್ ಮಾಡಿದ್ರ ಸಾಲ ಗಾಳಿಗೆ ಹಾರಿಹೋಗಂಗಿಲ್ಲ ಅಂತ ನಮಗೆಲ್ಲಾ ಗೊತ್ತು. ಕೊಟ್ಟವನ ಲಾಭ ಇಳೀತದ, ಬಂಡವಾಳ ಕರಗ್ತದ. ಒಂದು ಕಡೆ ಎಂಟ್ರಿ ಹಾಕಿದ್ರ ಇನ್ನೊಂದು ಕಡೆ ಹಾಕಲೇಬೇಕು.

ಕ್ರೈಸ್ತರು ಶಿಲುಬೆಯನ್ನ ಹಿಂಗೇ ನೋಡ್ತಾರ. ಕ್ಷಮಾ ಪುಕ್ಕಟ ಅಲ್ಲ. ಅದರ ನಷ್ಟ ಯಾರೋ ಹೊರಬೇಕು, ಮತ್ತ ದೇವರು ಅದನ್ನ ತನ್ನ ಖಾತೆಗೇ ಹಾಕ್ಕೊಂಡ ಅನ್ನೋದು ನಂಬಿಕಿ. ನೀವು ನಂಬಬೇಕು ಅಂತೇನಿಲ್ಲ. ಆದ್ರ ಇದು ಅಗ್ಗದ ಮಾತಲ್ಲ ಅನ್ನೋದನ್ನಾದ್ರೂ ಒಪ್ಪಬಹುದು. ನಿಮ್ಮ ತಪ್ಪನ್ನ ಮನಸ್ಸಿನಿಂದ ಕ್ಷಮಿಸಿದ ಅವ್ವನ್ನ ನೆನೆಸ್ರಿ. ಆ ನೋವು ಎಲ್ಲಿ ಹೋಯ್ತು? ಆಕಿ ನುಂಗಿಕೊಂಡಳು.

(6/7)
"ಇದು ಹೊರಗಿನವರ ಮಾತು ಬಿಡು" ಅಂತ ಕೆಲವರು ಅಂತಾರ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಅನುವಾದಕ್ಕ ಕೂತ. 1830ರ ದಶಕದ ಆರಂಭಕ್ಕ ಇಡೀ ಬೈಬಲ್ ಕನ್ನಡದಾಗ ಬಂತು. ಅಂದ್ರ ಈ ಮಾತು ಕನ್ನಡ ಆಡಾಕತ್ತಿ ಹತ್ತಿರ ಹತ್ತಿರ 200 ವರ್ಷ ಆಯ್ತು. ಮತ್ತ ಶರಣಬಸವಪ್ಪನ ದಾಸೋಹ ಕಂಡ ಊರಿಗೆ, ಜಾತಿ ಕೇಳದೆ ಉಣಿಸೋ ಪ್ರೀತಿ ಹೊಸದೇನಲ್ಲ.

ನನ್ನ ತಕರಾರು ಇರೋದು ನಮ್ಮವರ ಮ್ಯಾಲ. ಸ್ಟಿಕ್ಕರ್ ಅಂಟಿಸೋದು ಸುಲಭ. ಚರ್ಚಿನಾಗ ಹಾಡಿ, ಹೊರಗ ಬಂದು "ಅವರ ಪೈಕಿ ಯಾರು?" ಅಂತ ಜಾತಿ ಕೇಳಿದ್ರ, ನಾವು ಆ 100 ದಿನದ ಕೂಲಿಗೆ ಕುತ್ತಿಗಿ ಹಿಡಿದವನೇ ಆಗ್ತೀವಿ.

(7/7)
ತಪ್ಪಿಹೋದ ಮಗನ ಕಥಿಯೊಳಗ ಅಣ್ಣನೂ ಒಬ್ಬ ಇದ್ದಾನ. ಒಂದಿನಾನೂ ತಪ್ಪು ಮಾಡದವ, ಫುಲ್ ಅಟೆಂಡೆನ್ಸ್ ಇದ್ದವ. ತಮ್ಮಗ ಹಬ್ಬದೂಟ ಅಂತ ಕೇಳಿ ಸಿಟ್ಟಾಗಿ ಬಾಗಿಲ ಹೊರಗೇ ನಿಲ್ತಾನ. ಅಪ್ಪ ಅವನ ಹಂತ್ಯಾಕೂ ಹೊರಗ ಬಂದು ಕರೀತಾನ. ಅವ ಒಳಗ ಹೋದನೋ ಇಲ್ಲೋ, ಲೂಕ ಹೇಳಂಗಿಲ್ಲ. ಕಥಿ ಅಲ್ಲೇ ನಿಲ್ತದ.

ಇದನ್ನ ಓದ್ತಿರೋ ನೀವು ಬ್ಯಾಕ್‌ಲಾಗ್ ಇದ್ದವರಾದ್ರ: ಮಾರ್ಕ್ಸ್ ಕಾರ್ಡ್ ನಿಮ್ಮ ಬೆಲೆಪಟ್ಟಿ ಅಲ್ಲ. ನೀವು ನಾರ್ಮಲ್ ಲಾಸ್ ಅಲ್ಲ.

ಡಿಸ್ಟಿಂಕ್ಷನ್ ಬಂದವರಾದ್ರ: ಕ್ಲಾಸಿನ ಗ್ರೂಪ್ ತಗದು, ಯಾರು ತಿಂಗಳುಗಟ್ಟಲೆ ಮಾತಾಡಿಲ್ಲ ನೋಡ್ರಿ. ಮೆಸೇಜ್ ಬ್ಯಾಡ, ಫೋನೇ ಹಚ್ರಿ. "ಪರೀಕ್ಷಾ ಫಾರ್ಮ್ ತುಂಬಿದಿ ಏನ್? ನೋಟ್ಸ್ ನಾ ಕೊಡ್ತೀನಿ, ಬಾ" ಅನ್ರಿ. 99 ಇದ್ದಾರಲ್ಲ ಅಂತ ಸುಮ್ಮನಾಗಬ್ಯಾಡ್ರಿ.

ಯಾರಿಗೆ ಫೋನ್ ಹಚ್ಚಿದ್ರಿ ಅಂತ ಹೆಸರು ಹಾಕಬ್ಯಾಡ್ರಿ. ಹಚ್ಚಿದ್ರ ಕೆಳಗ ಬರೀ "1" ಅಂತ ಹಾಕ್ರಿ.

#ಕಲಬುರಗಿ #ಕಮಲಾಪುರ #ಬಿಕಾಂಲೆಕ್ಕ #ಕನ್ನಡಬರಹ