ಆಟಕ್ಕಿರುವ ಆಯುಸ್ಸು ಅಕ್ಷರಕ್ಕಿಲ್ಲವೇ?

ಹಳೆಯ ಕಂಪ್ಯೂಟರಿನಲ್ಲಿ ಬರೆದಿಟ್ಟ ಕನ್ನಡ ಹೊಸದರಲ್ಲಿ ತೆರೆಯದು, ಅಳಿಸಿಬಿಡಿ ಎನ್ನುವವರು ನಮ್ಮಲ್ಲುಂಟು. ಬಾಲಾನಗರದ ನಾವು ಈ ಮಾತನ್ನು ಒಪ್ಪೆವು.

1990ರಲ್ಲಿ ಡಾಸ್‌ಗೆ ಬಂದ 'ಪ್ರಿನ್ಸ್ ಆಫ್ ಪರ್ಷಿಯಾ' ಆಟವನ್ನೇ ನೋಡಿ. ಇಂದಿನ 64 ಬಿಟ್ ವಿಂಡೋಸ್ ಅದನ್ನು ನೇರವಾಗಿ ನಡೆಸದು. ಆದರೂ ನಮ್ಮ ಮಕ್ಕಳು ಆಡುತ್ತಾರೆ. ಹೇಗೆ? 2002ರಲ್ಲಿ ಬಂದ 'ಡಾಸ್‌ಬಾಕ್ಸ್' ಎಂಬ ಉಚಿತ ತಂತ್ರಾಂಶವು ಹೊಸ ಯಂತ್ರದೊಳಗೆ ಹಳೆಯ ಯಂತ್ರದ ವೇಷ ಹಾಕುತ್ತದೆ. ಅದನ್ನು ಕಟ್ಟಿದವರು ಆಟದ ಅಭಿಮಾನಿಗಳು. ಯಾವ ಸರಕಾರವೂ ಅಲ್ಲ.

ಕನ್ನಡಕ್ಕೆ ಅಷ್ಟು ಅಭಿಮಾನಿಗಳಿಲ್ಲವೇ? ಹಳೆಯ 'ನುಡಿ', 'ಬರಹ' ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪಗಳನ್ನು ಕೂರಿಸಿದ್ದವು. ಆ ಫಾಂಟಿಲ್ಲದ ಯಂತ್ರದಲ್ಲಿ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್. ಯೂನಿಕೋಡಿನಲ್ಲಾದರೋ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಖ್ಯೆಗಳುಂಟು. ಅಂದರೆ ಬರೆದದ್ದು ಕೆಟ್ಟಿಲ್ಲ, ಓದುವ ಕೀಲಿ ಕಳೆದಿದೆ ಅಷ್ಟೆ. ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿಯೇ ಸಿಗುತ್ತವೆ. ಇಲ್ಲದಿರುವುದು ಮನಸ್ಸು.

ಕಾರ್ಖಾನೆ, ಕಚೇರಿಗಳ ಕೆಲಸಕ್ಕೆಂದು ಇಲ್ಲಿಗೆ ಬಂದ ನಮ್ಮವರ ಚರಿತ್ರೆ ಇರುವುದು ಸ್ಮರಣ ಸಂಚಿಕೆ, ನಾಟಕದ ಪ್ರತಿ, ಸಭೆಯ ನಡಾವಳಿಗಳಲ್ಲೇ. ಅದನ್ನು ನಾವು ಕಾಯದಿದ್ದರೆ ಇನ್ನಾರು ಕಾಯುವರು? ಮನೆಯಲ್ಲಿರುವ ಹಳೆಯ ಸಿ.ಡಿ.ಗಳನ್ನು ಸಂಘಕ್ಕೆ ತನ್ನಿ. ಪರ್ಷಿಯಾದ ರಾಜಕುಮಾರನನ್ನು ಬದುಕಿಸಿಕೊಂಡ ಮಕ್ಕಳ ಕೈಗೇ ಈ ಕೆಲಸವನ್ನು ಒಪ್ಪಿಸೋಣ.