ಸೈಲೆನ್ಸರ್ ಪುಡಿಯಾದರೆ ಸದ್ದು ಅಡಗುವುದೇ?

ರಾಜ್ಯದ ಹಲವು ನಗರಗಳಲ್ಲಿ ಆಗಾಗ ಕಾಣಸಿಗುವ ಒಂದು ದೃಶ್ಯವಿದೆ. ಮೋಟಾರ್ ಸೈಕಲ್‌ಗಳಿಂದ ಕಳಚಿದ ಸೈಲೆನ್ಸರ್‌ಗಳನ್ನು ಪೊಲೀಸರು ರಸ್ತೆಯ ಮೇಲೆ ಸಾಲಾಗಿ ಜೋಡಿಸುತ್ತಾರೆ. ಅವುಗಳ ಮೇಲೆ ರೋಡ್ ರೋಲರ್ ಹಾಯುತ್ತದೆ. ಮರುದಿನ ಅದರ ಛಾಯಾಚಿತ್ರ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ನಡುರಾತ್ರಿ ಕಿವಿಗಡಚಿಕ್ಕುವ ಸದ್ದಿಗೆ ಬೆಚ್ಚಿಬಿದ್ದು ಎದ್ದು ಕುಳಿತವರಿಗೆ ಆ ಚಿತ್ರ ಒಂದಿಷ್ಟು ಸಮಾಧಾನ ತರುವುದು ಸಹಜ. ಆದರೆ ಆ ಸಮಾಧಾನದ ಆಯುಷ್ಯ ಎಷ್ಟು ದಿನ? ರೋಲರ್ ಅಡಿಯಲ್ಲಿ ಚಪ್ಪಟೆಯಾದ ಸೈಲೆನ್ಸರ್‌ನಂಥದ್ದೇ ಇನ್ನೊಂದು ಅದೇ ಊರಿನ ಬಿಡಿಭಾಗಗಳ ಅಂಗಡಿಯಲ್ಲಿ, ಹೊಳೆಯುವ ರಟ್ಟಿನ ಪೆಟ್ಟಿಗೆಯೊಳಗೆ, ಗಿರಾಕಿಗಾಗಿ ಕಾದಿರುತ್ತದೆ. ಸವಾರನಿಗೆ ದಂಡ, ಸೈಲೆನ್ಸರ್‌ಗೆ ರೋಲರ್, ಮಾರಿದವನಿಗೆ ಲಾಭ ಎಂಬ ಈ ವ್ಯವಸ್ಥೆ ಬದಲಾಗದೆ ನಮ್ಮ ಬೀದಿಗಳ ಸದ್ದು ಅಡಗುವುದಿಲ್ಲ.

ಮೊದಲಿಗೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಎಂಜಿನ್ನಿನ ಸದ್ದನ್ನು ಪ್ರೀತಿಸುವುದು ಅಪರಾಧವಲ್ಲ, ಅದು ಇಂದಿನ ಹುಡುಗರ ಹೊಸ ಹುಚ್ಚೂ ಅಲ್ಲ. 1960ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾಗಿ 1996ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ ಮತ್ತು ಯೆಜ್ಡಿ ಬೈಕುಗಳನ್ನು ಕಂಡವರು ಇಂದಿಗೂ ಅವುಗಳ ಓಟಕ್ಕಿಂತ ಮೊದಲು ಅವುಗಳ ದನಿಯನ್ನು ನೆನೆಯುತ್ತಾರೆ. ಒಂದೇ ಸಿಲಿಂಡರಿಗೆ ಎಡಕ್ಕೊಂದು ಬಲಕ್ಕೊಂದು ಹೊಗೆಕೊಳವೆ ಇದ್ದ ಆ ಬೈಕು ಬೀದಿಯ ತಿರುವಿನಲ್ಲಿರುವಾಗಲೇ ಬಂದವರು ಯಾರೆಂದು ಮನೆಯವರಿಗೆ ಗೊತ್ತಾಗುತ್ತಿತ್ತು. ಬುಲೆಟ್ಟಿನ ಗುಡುಗುಡು ಸದ್ದಿಗೆ ಮನಸೋತು ಬುಲೆಟ್ ಕೊಂಡವರು ಎಲ್ಲ ಊರುಗಳಲ್ಲೂ ಇದ್ದಾರೆ. ಅಮೆರಿಕದ ಹಾರ್ಲೆ ಡೇವಿಡ್‌ಸನ್ ಕಂಪೆನಿಯಂತೂ ತನ್ನ ಎಂಜಿನ್ನಿನ ಸದ್ದನ್ನೇ ವ್ಯಾಪಾರಮುದ್ರೆಯಾಗಿ ನೋಂದಾಯಿಸಿಕೊಳ್ಳಲು 1994ರಲ್ಲಿ ಅರ್ಜಿ ಹಾಕಿ, ದೀರ್ಘ ವ್ಯಾಜ್ಯದ ಬಳಿಕ 2000ದಲ್ಲಿ ಅದನ್ನು ಕೈಬಿಟ್ಟಿತು. ಯಂತ್ರಕ್ಕೂ ಒಂದು ಕಂಠವಿದೆ, ಅದಕ್ಕೆ ಮರುಳಾಗುವವರೂ ಇದ್ದಾರೆ. ಇದನ್ನು ಅರಿಯದೆ, ಸೈಲೆನ್ಸರ್ ಬದಲಿಸುವವರೆಲ್ಲ ಪುಂಡರೆಂದು ಹಣೆಪಟ್ಟಿ ಹಚ್ಚುವುದರಿಂದ ಪ್ರಯೋಜನವಿಲ್ಲ.

ಆದರೆ ಅಂಗಡಿಯಲ್ಲಿ ಮಾರಾಟವಾಗುವುದು ಸದ್ದು ಮಾತ್ರವಲ್ಲ. ಅದರೊಂದಿಗೆ ‘ಪವರ್’ ಎಂಬ ಭರವಸೆಯೂ ಮಾರಾಟವಾಗುತ್ತದೆ. ಕಂಪೆನಿಯ ಸೈಲೆನ್ಸರ್ ಎಂಜಿನ್ನಿನ ಉಸಿರು ಕಟ್ಟಿಸುತ್ತದೆ, ಅದನ್ನು ಕಿತ್ತು ‘ಫ್ರೀ ಫ್ಲೋ’ ಕೊಳವೆ ಹಾಕಿದರೆ ಬೈಕು ಚಿಗರೆಯಂತೆ ನೆಗೆಯುತ್ತದೆ ಎಂಬುದು ಆ ಭರವಸೆಯ ಸಾರ. ಇದರಲ್ಲಿ ಸತ್ಯದ ಅಂಶ ಇಲ್ಲದಿಲ್ಲ. ಸುಟ್ಟ ಅನಿಲ ಸಲೀಸಾಗಿ ಹೊರಹೋದಷ್ಟೂ ಎಂಜಿನ್ನಿಗೆ ಹಗುರ. ಪಂದ್ಯಗಳಲ್ಲಿ ಎಂಜಿನ್ ತನ್ನ ಗರಿಷ್ಠ ವೇಗದಲ್ಲಿ ತಿರುಗುತ್ತಿರುವಾಗ ಇದರ ಲಾಭ ಅಳತೆಗೆ ಸಿಗುತ್ತದೆ. ಆದರೆ ಹೊಗೆಕೊಳವೆಯೆಂದರೆ ಹೊಗೆ ಹೋಗುವ ಬರಿಯ ತೂತಲ್ಲ. ವಾಲ್ವ್ ತೆರೆದಾಗಲೆಲ್ಲ ಕೊಳವೆಯೊಳಗೆ ಒತ್ತಡದ ಅಲೆಯೊಂದು ಸಾಗಿ, ಕೊನೆ ತಲುಪಿ, ಮರಳಿ ಬರುತ್ತದೆ. ಆ ಮರುಅಲೆ ಸರಿಯಾದ ಗಳಿಗೆಯಲ್ಲಿ ಎಂಜಿನ್ ತಲುಪಿದರೆ ಉಳಿದ ಹೊಗೆಯನ್ನು ಹೊರಗೆಳೆದು ಹೊಸ ಗಾಳಿ ಒಳಬರಲು ನೆರವಾಗುತ್ತದೆ. ಕೊಳವೆಯ ಉದ್ದ, ಅಗಲಗಳನ್ನು ವಿನ್ಯಾಸಕಾರರು ನಿರ್ಧರಿಸುವುದು ಈ ಲೆಕ್ಕದ ಮೇಲೆ. ಅಗತ್ಯಕ್ಕಿಂತ ಅಗಲವಾದ ಕೊಳವೆ ಹಾಕಿದರೆ ಕಡಿಮೆ ವೇಗದಲ್ಲಿ ಅನಿಲದ ಓಟ ಮಂದವಾಗಿ ಎಳೆಯುವ ಶಕ್ತಿ ಕುಗ್ಗುವುದುಂಟು. ಸಿಗ್ನಲಿನಿಂದ ಸಿಗ್ನಲಿಗೆ ತೆವಳುವ ಬೆಂಗಳೂರಿನ ಸವಾರನಿಗೆ ದಿನವೂ ಬೇಕಾದದ್ದು ಆ ಶಕ್ತಿಯೇ.

ಹಳೆಯ ಟೂ ಸ್ಟ್ರೋಕ್ ಬೈಕುಗಳಲ್ಲಿ ಈ ಸೂಕ್ಷ್ಮ ಇನ್ನೂ ಹೆಚ್ಚು. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯ ಎಂಜಿನಿಯರ್ ವಾಲ್ಟರ್ ಕಾಡೆನ್ ಟೂ ಸ್ಟ್ರೋಕ್ ಪಂದ್ಯದ ಬೈಕುಗಳ ಶಕ್ತಿಯನ್ನು ಬೆರಗಾಗುವಷ್ಟು ಹೆಚ್ಚಿಸಿದ್ದರಲ್ಲಿ ಹೊಗೆಕೊಳವೆಯ ಆಕಾರದ ಪಾತ್ರ ದೊಡ್ಡದು. ನಡುವೆ ಉಬ್ಬಿ ಕೊನೆಯಲ್ಲಿ ಸಪುರವಾಗುವ ಆ ಕೊಳವೆ, ಹೊಗೆಯೊಂದಿಗೆ ಹೊರಜಾರುವ ಹೊಸ ಇಂಧನವನ್ನು ಅಲೆಯ ಬಲದಿಂದ ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಇಂಥ ಲೆಕ್ಕಾಚಾರದ ಕೊಳವೆಯನ್ನು ಗರಗಸದಿಂದ ಕತ್ತರಿಸಿದರೆ, ಅಥವಾ ಒಳಗಿನ ಜಾಲರಿಯನ್ನು ಕಿತ್ತೆಸೆದರೆ, ಹೆಚ್ಚುವುದು ಸದ್ದು, ಶಕ್ತಿಯಲ್ಲ. ಸದ್ದು ಹೆಚ್ಚಾದಾಗ ವೇಗವೂ ಹೆಚ್ಚಾಯಿತೆಂದು ಕಿವಿ ಮನಸ್ಸನ್ನು ನಂಬಿಸುತ್ತದೆ, ಅಷ್ಟೆ.

ಕಾರ್ಬ್ಯುರೇಟರ್ ಇರುವ ಬೈಕಿನಲ್ಲಿ ಕೊಳವೆ ಬದಲಿಸಿ ಇಂಧನದ ಅಳತೆಯನ್ನು ಸರಿಪಡಿಸದಿದ್ದರೆ ಮಿಶ್ರಣ ತೆಳುವಾಗಿ ಎಂಜಿನ್ ಕಾಯುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ಬೈಕುಗಳದು ಇನ್ನೊಂದು ಕಥೆ. ಇವುಗಳ ಹೊಗೆಮಾರ್ಗದಲ್ಲಿ ಆಮ್ಲಜನಕ ಅಳೆಯುವ ಸಂವೇದಕವಿದೆ, ಕಾರ್ಬನ್ ಮಾನಾಕ್ಸೈಡ್‌ನಂಥ ವಿಷಾನಿಲಗಳನ್ನು ಕಡಿಮೆ ಹಾನಿಯ ಅನಿಲಗಳಾಗಿ ಪರಿವರ್ತಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಇಡೀ ಕೊಳವೆಯನ್ನು ಬದಲಿಸುವಾಗ ಅನೇಕ ವೇಳೆ ಈ ಕನ್ವರ್ಟರ್ ಕೂಡ ಕಸಕ್ಕೆ ಸೇರುತ್ತದೆ. ಅಲ್ಲಿಂದ ಮುಂದೆ ಸಮಸ್ಯೆ ಕಿವಿಯದ್ದಷ್ಟೇ ಅಲ್ಲ, ಶ್ವಾಸಕೋಶದ್ದೂ ಹೌದು.

ಜೋರಾದ ಸದ್ದು ಜೀವ ಉಳಿಸುತ್ತದೆ, ಬೈಕು ಬರುತ್ತಿರುವುದು ಇತರರಿಗೆ ತಿಳಿಯುತ್ತದೆ ಎಂಬ ವಾದವನ್ನೂ ಕೆಲವರು ಮುಂದಿಡುತ್ತಾರೆ. ಕೇಳಲು ಹಿತವಾಗಿದೆ. ಆದರೆ ಕೊಳವೆಯ ಬಾಯಿ ಇರುವುದು ಹಿಂದಕ್ಕೆ, ಸವಾರನಿಗೆ ಅಪಾಯ ಬರುವುದು ಹೆಚ್ಚಾಗಿ ಎದುರಿನಿಂದ ಅಥವಾ ಅಡ್ಡರಸ್ತೆಯಿಂದ. ಕಿಟಕಿ ಮುಚ್ಚಿದ ಕಾರಿನೊಳಗಿನ ಚಾಲಕನಿಗೆ ಆ ಸದ್ದು ಯಾವ ದಿಕ್ಕಿನದೆಂದು ತಿಳಿಯುವಷ್ಟರಲ್ಲಿ ಬೈಕು ದಾಟಿ ಹೋಗಿರುತ್ತದೆ. ರಸ್ತೆ ದಾಟುತ್ತಿರುವ ವೃದ್ಧರಂತೂ ಗಾಬರಿಯಿಂದ ನಡುರಸ್ತೆಯಲ್ಲೇ ನಿಲ್ಲುತ್ತಾರೆ. ಇದನ್ನು ಸುರಕ್ಷತೆಯೆಂದು ಕರೆಯುವುದು ಹೇಗೆ?

ಈ ಸದ್ದಿನ ಪ್ರಮಾಣವನ್ನು ಅಂಕಿಗಳಲ್ಲಿ ನೋಡೋಣ. ನಮ್ಮಲ್ಲಿ ತಯಾರಾಗುವ ಮೋಟಾರ್ ಸೈಕಲ್‌ಗಳಿಗೆ ಶಬ್ದದ ಮಿತಿ ನಿಗದಿಯಾಗಿದೆ: 80 ಸಿಸಿವರೆಗೆ 75 ಡೆಸಿಬಲ್, 175 ಸಿಸಿವರೆಗೆ 77, ಅದಕ್ಕೂ ಮೇಲ್ಪಟ್ಟವುಗಳಿಗೆ 80. ಡೆಸಿಬಲ್ ಲೆಕ್ಕ ಸಾಮಾನ್ಯ ಕೂಡುವ ಲೆಕ್ಕವಲ್ಲ. 80 ಇದ್ದದ್ದು 90 ಆದರೆ ಧ್ವನಿಯ ತೀವ್ರತೆ ಹತ್ತು ಪಟ್ಟಾಗುತ್ತದೆ, 100 ಆದರೆ ನೂರು ಪಟ್ಟು. ಇನ್ನೊಂದೆಡೆ, 2000ದ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮೀರುವಂತಿಲ್ಲ. ಆಸ್ಪತ್ರೆ, ಶಾಲೆಗಳ ಸುತ್ತಲಿನ ನಿಶ್ಶಬ್ದ ವಲಯದಲ್ಲಿ ಹಗಲು 50, ರಾತ್ರಿ 40. ಒಂದು ವಾಹನದ ಕ್ಷಣಿಕ ಸದ್ದು ಮತ್ತು ಒಂದು ಪ್ರದೇಶದ ಸರಾಸರಿ ಸದ್ದು ಒಂದೇ ಬಗೆಯ ಅಳತೆಗಳಲ್ಲ, ನಿಜ. ಆದರೆ ನಿದ್ದೆ ಕೆಡುವುದು ಸರಾಸರಿಯಿಂದಲ್ಲ, ಆ ಒಂದು ಕ್ಷಣದಿಂದ. ರಸ್ತೆ ಸಂಚಾರದ ಸದ್ದು ರಾತ್ರಿ ಹೊತ್ತು 45 ಡೆಸಿಬಲ್‌ಗಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2018ರಲ್ಲಿ ಶಿಫಾರಸು ಮಾಡಿದೆ. ನಿದ್ರಾಭಂಗ ಮತ್ತು ಹೃದ್ರೋಗಗಳೊಂದಿಗೆ ಸಂಚಾರದ ಸದ್ದಿಗಿರುವ ನಂಟನ್ನೂ ಅದು ಪರಿಶೀಲಿಸಿದೆ. ಹೃದಯ ಶಸ್ತ್ರಚಿಕಿತ್ಸೆಯಾಗಿ ಮಲಗಿದವರು, ಬಾಣಂತಿಯರು, ಹಸುಗೂಸುಗಳು, ರಾತ್ರಿಪಾಳಿ ಮುಗಿಸಿ ಹಗಲು ನಿದ್ರಿಸುವ ಕಾರ್ಮಿಕರು: ಒಬ್ಬ ಸವಾರನ ಸಂಭ್ರಮಕ್ಕೆ ಇವರೆಲ್ಲ ತೆರಿಗೆ ಕಟ್ಟುತ್ತಿದ್ದಾರೆ.

ಹಾಗೆಂದು ಕಾನೂನು ಇಲ್ಲವೆನ್ನುವಂತಿಲ್ಲ. ಹೊಗೆ ಹೊರಹೋಗುವಾಗಿನ ಸದ್ದನ್ನು ಸಾಧ್ಯವಾದಷ್ಟು ತಗ್ಗಿಸುವ ಸೈಲೆನ್ಸರ್ ಪ್ರತಿ ವಾಹನದಲ್ಲೂ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಹೇಳುತ್ತದೆ. ಶಬ್ದದ ಮಾನದಂಡ ಮೀರಿ ವಾಹನ ಓಡಿಸಿದರೆ, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನ ಪ್ರಕಾರ ಮೊದಲ ತಪ್ಪಿಗೇ ಮೂರು ತಿಂಗಳವರೆಗೆ ಸೆರೆವಾಸ ಅಥವಾ ₹10,000ವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮೂರು ತಿಂಗಳು ಚಾಲನಾ ಪರವಾನಗಿಯ ಅನರ್ಹತೆಯೂ ಉಂಟು. ನೆಮ್ಮದಿಯಿಂದ ಬದುಕುವ ಹಕ್ಕು ಸಂವಿಧಾನದ 21ನೇ ವಿಧಿಯಲ್ಲೇ ಅಡಕವಾಗಿದೆ, ಒಬ್ಬನ ಅಭಿವ್ಯಕ್ತಿ ಸ್ವಾತಂತ್ರ್ಯ ಇನ್ನೊಬ್ಬನ ಕಿವಿಗೆ ಬಲವಂತವಾಗಿ ಸದ್ದು ತುರುಕುವ ಹಕ್ಕಲ್ಲ ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2005ರ ಜುಲೈನಲ್ಲಿ ಶಬ್ದಮಾಲಿನ್ಯ ಕುರಿತ ತೀರ್ಪಿನಲ್ಲಿ ತಳೆದಿದೆ. ಅಲಹಾಬಾದ್ ಹೈಕೋರ್ಟಿನ ಲಖನೌ ಪೀಠ 2021ರಲ್ಲಿ ಮಾರ್ಪಡಿಸಿದ ಸೈಲೆನ್ಸರ್‌ಗಳ ವಿಷಯವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡು ಅಧಿಕಾರಿಗಳಿಂದ ಉತ್ತರ ಕೇಳಿತ್ತು.

ಹಾಗಾದರೆ ಲೋಪವೆಲ್ಲಿದೆ? ಕಾನೂನಿನ ಭಾರವೆಲ್ಲ ಬೀಳುವುದು ಸವಾರನ ಮೇಲೆ. 2019ರ ತಿದ್ದುಪಡಿ ವಾಹನವನ್ನು ಅಕ್ರಮವಾಗಿ ಮಾರ್ಪಡಿಸಿದ ಮಾಲೀಕನಿಗೂ ಪ್ರತ್ಯೇಕ ಶಿಕ್ಷೆ ವಿಧಿಸಿದೆ. ಬಿಡಿಭಾಗ ಮಾರುವವರಿಗೆ ಶಿಕ್ಷೆ ವಿಧಿಸುವ ಕಲಮೊಂದನ್ನೂ ಅದು ಸೇರಿಸಿತು. ಆದರೆ ಅದರ ವ್ಯಾಪ್ತಿ ಕೇಂದ್ರ ಸರ್ಕಾರ ಅಧಿಸೂಚಿಸಿದ ನಿರ್ಣಾಯಕ ಸುರಕ್ಷತಾ ಬಿಡಿಭಾಗಗಳಿಗೆ ಸೀಮಿತ. ಸದ್ದು ಆ ಕಲಮಿನ ಉದ್ದೇಶವೇ ಅಲ್ಲ. ಹೀಗಾಗಿ ‘ಪಂದ್ಯದ ಬಳಕೆಗೆ ಮಾತ್ರ’ ಎಂದು ಪೆಟ್ಟಿಗೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಅಚ್ಚು ಹಾಕಿಸಿ, ಪಂದ್ಯದ ಮುಖವನ್ನೇ ಕಾಣದ ಕಾಲೇಜು ಹುಡುಗನಿಗೆ ಅದನ್ನು ಮಾರಿ, ಅಂಗಡಿಯ ಮುಂದೆಯೇ ಜೋಡಿಸಿ ಕಳುಹಿಸುವ ವ್ಯಾಪಾರ ನಿರಾತಂಕವಾಗಿ ನಡೆದಿದೆ.

ಎರಡನೆಯ ಲೋಪ ಅಳತೆಯದು. ಹೊಗೆ ತಪಾಸಣೆ ಕೇಂದ್ರದಲ್ಲಿ ಬೈಕಿನ ಹೊಗೆಯನ್ನು ಅಳೆಯುತ್ತಾರೆ, ಸದ್ದನ್ನು ಅಳೆಯುವುದಿಲ್ಲ. ರಸ್ತೆಯಲ್ಲಿ ತಡೆದು ನಿಲ್ಲಿಸಿದಾಗ ಹೆಚ್ಚಿನ ಸಂದರ್ಭಗಳಲ್ಲಿ ತೀರ್ಪು ನೀಡುವುದು ಪೊಲೀಸ್ ಪೇದೆಯ ಕಣ್ಣು ಮತ್ತು ಕಿವಿ. ಇದರಿಂದ ತಪ್ಪಿತಸ್ಥ ವಾದಕ್ಕಿಳಿಯುತ್ತಾನೆ, ಕಾರ್ಖಾನೆಯ ಮೂಲ ಸೈಲೆನ್ಸರ್ ಇರುವವನೂ ಕೆಲವೊಮ್ಮೆ ವೃಥಾ ಪೇಚಿಗೆ ಸಿಲುಕುತ್ತಾನೆ, ನಡುವೆ ಕೈ ಬೆಚ್ಚಗೆ ಮಾಡುವ ವ್ಯವಹಾರಕ್ಕೂ ಅವಕಾಶವಾಗುತ್ತದೆ.

ಪರಿಹಾರ ಅಸಾಧ್ಯವಾದುದೇನಲ್ಲ. ಮೂಲದಲ್ಲದ ಬದಲಿ ಸೈಲೆನ್ಸರ್‌ಗಳಿಗೆಂದೇ ವಿಶ್ವಸಂಸ್ಥೆಯ ಚೌಕಟ್ಟಿನಲ್ಲಿ 92ನೇ ವಾಹನ ನಿಯಮಾವಳಿ ಇದೆ. ಯುರೋಪಿನಲ್ಲಿ ಪರೀಕ್ಷೆಯಲ್ಲಿ ಉತ್ತೀರ್ಣವಾದ ಸೈಲೆನ್ಸರ್ ಮೇಲೆ ಅನುಮೋದನೆಯ ಗುರುತನ್ನು ಕೊರೆದಿರುತ್ತಾರೆ. ರಸ್ತೆಯ ಪೊಲೀಸರು ಅದನ್ನು ನೋಡಿ ತೀರ್ಮಾನಿಸಬಹುದು. ಪುಣೆಯ ಎಆರ್‌ಎಐನಂಥ ಸಂಸ್ಥೆಗಳಿರುವ ನಮ್ಮ ದೇಶದಲ್ಲಿ ಇಂಥ ಪ್ರಮಾಣೀಕರಣವನ್ನು ಜಾರಿಗೆ ತರುವುದು ಕಷ್ಟವಲ್ಲ. ಗುರುತಿಲ್ಲದ ಸೈಲೆನ್ಸರ್ ತಯಾರಿಸುವುದು, ಮಾರುವುದು, ರಸ್ತೆಯ ವಾಹನಕ್ಕೆ ಜೋಡಿಸುವುದು ಮೂರನ್ನೂ ಅಪರಾಧವೆಂದು ಸಾರಬೇಕು. ಹೊಗೆ ತಪಾಸಣೆಯ ಜೊತೆಗೆ ನಿಂತಲ್ಲೇ ಸದ್ದು ಅಳೆಯುವ ಪರೀಕ್ಷೆ ಸೇರಬೇಕು. ಪ್ರತಿ ಸಂಚಾರ ಠಾಣೆಗೂ ಶಬ್ದಮಾಪಕ, ಅದನ್ನು ಬಳಸುವ ತರಬೇತಿ ಸಿಗಬೇಕು. ಸದ್ದು ಮಾಡುವ ವಾಹನವನ್ನು ತಾನಾಗಿ ಗುರುತಿಸುವ ರೇಡಾರ್‌ಗಳನ್ನು ಫ್ರಾನ್ಸ್ 2022ರಲ್ಲಿ ಪ್ರಯೋಗಕ್ಕಿಳಿಸಿತು. ನಮಗೆ ಮೊದಲ ಹೆಜ್ಜೆಗೆ ಅಷ್ಟು ದುಬಾರಿ ಉಪಕರಣವೂ ಬೇಕಿಲ್ಲ.

ಜೊತೆಗೆ, ವೇಗದ ಹಂಬಲವಿರುವ ಯುವಕರಿಗೆ ನ್ಯಾಯವಾದ ಜಾಗವೂ ಬೇಕು. ಶಾಶ್ವತ ಪಂದ್ಯದ ಟ್ರ್ಯಾಕ್ ಹುಡುಕಿಕೊಂಡು ಬೆಂಗಳೂರಿನ ಸವಾರರು ಚೆನ್ನೈ ಬಳಿಯ ಇರುಂಗಟ್ಟುಕೋಟೈಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಹೋಗುವುದುಂಟು. ಪಂದ್ಯದ ಕೊಳವೆಗೆ ಅಲ್ಲಿ ಅರ್ಥವಿದೆ, ಅದರ ಶಕ್ತಿಯನ್ನು ಅಳೆಯಲು ಗಡಿಯಾರವಿದೆ, ಸದ್ದನ್ನು ಕೇಳಲು ಇಷ್ಟಪಟ್ಟು ಬಂದ ಜನರಿದ್ದಾರೆ. ವಸತಿ ಬಡಾವಣೆಯ ಅಡ್ಡರಸ್ತೆಯಲ್ಲಿ ಈ ಮೂರೂ ಇಲ್ಲ.

ರಾಜ್ಯ ಸರ್ಕಾರ ಕೇಂದ್ರದ ಕಾಯ್ದೆ ತಿದ್ದುಪಡಿಗಾಗಿ ಕಾಯುತ್ತ ಕೂರಬೇಕಾಗಿಲ್ಲ. ಸಾರಿಗೆ ಇಲಾಖೆ, ಪೊಲೀಸ್ ಇಲಾಖೆ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿ ಒಟ್ಟಾಗಿ ಬಿಡಿಭಾಗಗಳ ಅಂಗಡಿ, ಗ್ಯಾರೇಜುಗಳ ತಪಾಸಣೆಯನ್ನು ನಾಳೆಯೇ ಆರಂಭಿಸಬಹುದು. ವಶಪಡಿಸಿಕೊಂಡ ಪ್ರತಿ ಸೈಲೆನ್ಸರ್ ಎಲ್ಲಿ ಕೊಂಡದ್ದು, ಯಾರು ಜೋಡಿಸಿದ್ದು ಎಂಬುದನ್ನು ದಾಖಲಿಸಿಕೊಳ್ಳಬಹುದು. ಆ ಪಟ್ಟಿಯನ್ನೇ ಮುಂದಿಟ್ಟು ಮಾರಾಟ ತಡೆಯುವ ಕಲಮು ಬೇಕೆಂದು ಕೇಂದ್ರವನ್ನು ಒತ್ತಾಯಿಸಬಹುದು. ಅದಾಗದಿದ್ದರೆ ಬೀದಿಯಲ್ಲಿ ರೋಲರ್ ಓಡುತ್ತಲೇ ಇರುತ್ತದೆ, ಪಕ್ಕದ ಬೀದಿಯಲ್ಲಿ ಅಂಗಡಿಯೂ ನಡೆಯುತ್ತಲೇ ಇರುತ್ತದೆ.